ಹಾವಿನ ಮನಿ: ಗಡಿಗಿ, ಬುಟ್ಟಿ, ಹುತ್ತ

ನಮ್ಮ ಜತ್ತ ತಾಲೂಕು ಸಾಂಗಲಿ ಜಿಲ್ಲೆಯ ಮೂಡಲ ಅಂಚು. ಅದೇ ಜಿಲ್ಲೆಯ ಪಡುವಲ ಅಂಚಿಗೆ ಬತ್ತೀಸ ಶಿರಾಳಾ ಅದೆ. ನಮ್ಮದು ಮಳಿ ಕಾಣದ ಸೀಮಿ, ಅವರದು ಹಸರು ಗುಡ್ಡದ ಸೀಮಿ. ಪಂಚಮಿ ಬಂತಂದರ ನಮ್ಮ ಹಿರಿಯರು ಶಿರಾಳದ ಮಾತು ತೆಗೀತಿದ್ದರು. ನಾವು ಹುತ್ತಕ್ಕ ಹಾಲು ಎರೀತೀವಿ, ಅವರು ಜೀವಂತ ನಾಗಪ್ಪನ್ನ ಮನಿಗೇ ತರತಾರ ಅಂತ.

ಒಬ್ಬ ಹೆಣ್ಣುಮಗಳು ಮಣ್ಣಿನ ನಾಗನ್ನ ಪೂಜಿ ಮಾಡೋದು ಕಂಡು ಗೋರಖನಾಥರು, ಜೀವಂತ ನಾಗನ್ನ ಪೂಜಿಸ್ತೀಯೇನವ್ವಾ ಅಂತ ಕೇಳಿದರಂತ. ಅಂದಿನಿಂದ ಈ ಪದ್ಧತಿ ಬಂತು ಅಂತ ಅಲ್ಲಿ ಕಥಿ ಹೇಳತಾರ. ನನಗ ಸೋಜಿಗ ಅನಿಸೋದು ಅವರು ಹಾವು ಇಡತಿದ್ದ ರೀತಿ. ಹಬ್ಬಕ್ಕ ಕೆಲವು ದಿನ ಮೊದಲು ಹೊಲದಾಗ ನಾಗರಹಾವು ಹಿಡಿದು, ಮಣ್ಣಿನ ಗಡಿಗಿಯಾಗ ಬಿಟ್ಟು, ಬಾಯಿಗೆ ಅರಿವಿ ಕಟ್ಟತಿದ್ದರು. ಪಂಚಮಿ ದಿನ ಅಂಬಾಬಾಯಿ ಗುಡಿ, ಮೆರವಣಿಗಿ. ಆಮೇಲೆ ಹಿಡಿದ ಜಾಗಕ್ಕೇ ಒಯ್ದು ಬಿಡತಿದ್ದರು.

ಗಡಿಗಿನೇ ಯಾಕ? ಅದು ನನಗ ತಿಳಿದದ್ದು ತಪ್ಪು ಮಾಡಿದ ಮ್ಯಾಲೆ. ಏಳನೇತ್ತಾ ಕಲಿಯುವಾಗ ಶಿರಾಳದವರಂಗ ನಾನೂ ಹಾವು ಸಾಕಬೇಕಂತ ಒಂದು ಕೇರಿ ಹಾವು ಹಿಡಿದೆ. ಎಣ್ಣಿಯ ಪತ್ರಾದ ಡಬ್ಬಿಯಾಗ ಹಾಕಿ, ಮಳಿಯಿಂದ ನಾಕು ತೂತು ಹೊಡೆದು, ಗ್ವಾಡಿ ಮಗ್ಗಲಕ್ಕ ಇಟ್ಟು ಸಾಲಿಗೆ ಹೋದೆ. ನೆರಳು ಸರೀತದ ಅನ್ನೋ ಖಬರ ಇರಲಿಲ್ಲ. ಮಧ್ಯಾಹ್ನ ಬಂದು ಮುಟ್ಟಿದರ ಡಬ್ಬಿ ಹಂಚಿನಂಗ ಕಾದಿತ್ತು. ಹಾವು ಸತ್ತಿತ್ತು. ತೂತಿಗೆ ತಿಕ್ಕಿ ತಿಕ್ಕಿ ಮೂತಿ ಹರಿದಿತ್ತು. ಅವ್ವ ಹೊಡೀಲಿಲ್ಲ, ಎರಡು ದಿನ ಮಾತೂ ಆಡಲಿಲ್ಲ.

ಹಾವಿಗೆ ನಮ್ಮಂಗ ಮೈಯೊಳಗಿನ ಕಾವು ಇಲ್ಲ. ಸುತ್ತಲ ಬಿಸಿನೇ ಅದರ ಮೈಬಿಸಿ. ಬಿಸಿಲಾದರ ನೆರಳಿಗೆ, ಥಂಡಿಯಾದರ ಬಿಸಿಲಿಗೆ ಸರೀಬೇಕು. ಡಬ್ಬಿಯಾಗ ಎಲ್ಲಿ ಸರೀತದ? ಮಣ್ಣಿನ ಗಡಿಗಿ ಲಗೂನ ಕಾಯೂದಿಲ್ಲ, ಒಳಗ ಕತ್ತಲಿ, ಗ್ವಾಡಿ ನುಣಪು, ಅರಿವಿಯೊಳಗಿಂದ ಗಾಳಿ ಆಡತದ. ನಾಕು ದಿನದ ಮಟ್ಟಿಗೆ ಆ ಹಿರಿಯರ ಲೆಕ್ಕ ಖರೆ ಇತ್ತು. ಆದರ ಅದೂ ಬಂದೀಖಾನೇನೇ. ಮೈ ಚಾಚಲಿಕ್ಕ ಜಾಗ ಇಲ್ಲ.

ಹಾವಾಡಿಗರ ಬುಟ್ಟಿ ಇನ್ನೂ ಕೆಟ್ಟದ್ದು. ಗಡಿಗಿ ಹಬ್ಬ ಮುಗಿದರ ಬರಿದಾಗತಿತ್ತು, ಬುಟ್ಟಿ ಆಗತಿರಲಿಲ್ಲ. ಹಲ್ಲು ಕಿತ್ತ ಹಾವಿನ ಬಾಯಿ ಹುಣ್ಣಾಗಿ, ಉಪವಾಸ ಬಿದ್ದು ಸಾಯತಿದ್ದವು. ಅದಕ್ಕ ಹಾಲು ಕುಡಿಸತಿದ್ದರು. ಹಾಲು ಹಾವಿನ ಆಹಾರ ಅಲ್ಲ, ನೀರಡಿಕಿಗೆ ಬಾಯಿ ಇಡತದ ಅಷ್ಟೆ. ಪುಂಗಿಯ ನಾದಕ್ಕ ಕುಣೀತದ ಅಂತಿದ್ದರು. ನಾನು ಹಾಡಾವ, ಕೇಳಲಿಕ್ಕ ಛಲೋ ಅನಿಸತದ. ಆದರ ಅದು ನೋಡೋದು ಅಲ್ಲಾಡೋ ಪುಂಗಿನ್ನ, ರಾಗಾ ಅಲ್ಲ. ಹಾವಾಡಿಗರೂ ಹೊಟ್ಟಿಗಾಗಿ ಊರೂರು ತಿರುಗಿದವರು, ಅವರನ್ನ ಬೈಯ್ಯೋದು ನನಗ ಸರಿ ಕಾಣೂದಿಲ್ಲ.

1972ರಾಗ ವನ್ಯಜೀವಿ ಕಾಯಿದೆ ಬಂತು. ಆದರೂ ಶಿರಾಳದ ಗಡಿಗಿ ಎಷ್ಟೋ ವರ್ಷ ನಡೀತು. 2014ರಾಗ ಮುಂಬಯಿ ಹೈಕೋರ್ಟಿನ ಆದೇಶ ಆದ ಮ್ಯಾಲೆ ಜೀವಂತ ನಾಗನ ಮೆರವಣಿಗಿ ನಿಂತು, ಪ್ರತಿಮೆಯ ಪೂಜಿ ಬಂತು. ಅಲ್ಲಿಯವರಿಗೆ ಇದು ನೋವಿನ ಮಾತು; ನಮ್ಮ ಹಿರಿಯರ ಭಕ್ತಿ ತಪ್ಪೇನು ಅಂತ ಕೇಳತಾರ. ಭಕ್ತಿ ತಪ್ಪಲ್ಲ. ಆದರ ನಾನು ಆ ಡಬ್ಬಿ ಮುಟ್ಟಿದಾವ.

ನನ್ನ ಹೊಲದ ನಡುವ ಒಂದು ಹುತ್ತ ಅದೆ. ಗೆದ್ದಲು ಕಟ್ಟಿದ ಮನಿ, ಬ್ಯಾಸಿಗ್ಯಾಗೂ ಒಳಗ ತಂಪು. ಇಲಿ ಬೇಕಾದರ ಹಾವು ಹೊರಗ ಬರತದ, ಸಾಕಾದರ ಒಳಗ ಹೋಗತದ. ಟ್ರಾಕ್ಟರದವ ಪ್ರತಿ ವರ್ಷ, ಇದನ್ನ ಕೆಡವೂನೇನ್ರಿ ಅಂತಾನ. ನಾಕು ಸಾಲು ಜ್ವಾಳ ಹೋದರ ಹೋಗಲಿ, ಸುತ್ತು ಹಾಕಿ ಹೋಗಪಾ ಅಂತೀನಿ.