ಸ್ವಾಪ್ ಮಾಡಿದ ಹೋಂಡಾ ಎಂಜಿನ್‌ಗೆ ಟರ್ಬೊ: ನೀರಿನ ಪೈಪು ಎಲ್ಲಿಂದ ಎಲ್ಲಿಗೆ ಹೋಗಬೇಕು?

ಟರ್ಬೊ ಗಾಡಿ ಓಡಿಸೋ ಹಳೇ ಡ್ರೈವರ್‌ಗಳಲ್ಲಿ ಒಂದು ರೂಢಿ ಇದೆ. ಘಾಟಿ ಹತ್ತಿಸಿಕೊಂಡು ಬಂದ ಗಾಡಿಯನ್ನು ನಿಲ್ಲಿಸಿದ ಕೂಡಲೇ ಕೀ ತಿರುಗಿಸೋದಿಲ್ಲ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡುತ್ತಾರೆ. ಯಾಕೆ ಅಂತ ಕೇಳಿದರೆ ‘ಟರ್ಬೊ ತಣ್ಣಗಾಗಬೇಕು’ ಅಂತಾರೆ. ಮಾತು ಸರಿಯೇ. ಆದರೆ ಪೆಟ್ರೋಲ್ ಎಂಜಿನ್‌ನ ಟರ್ಬೊಗೆ ಅದೊಂದೇ ಸಾಲದು. ಅದಕ್ಕೆ ಎಣ್ಣೆಯ ಜೊತೆಗೆ ನೀರೂ ಬೇಕು. ಕಂಪನಿಯಿಂದಲೇ ಟರ್ಬೊ ಬಂದ ಕಾರಿನಲ್ಲಿ ಆ ನೀರಿನ ಪೈಪು ಫ್ಯಾಕ್ಟರಿಯಲ್ಲೇ ಕೂತಿರುತ್ತದೆ. ಎಂಜಿನ್ನೇ ಬದಲಿಸಿ, ಅದರ ಮೇಲೆ ಹೊರಗಿನ ಟರ್ಬೊ ಕೂರಿಸಿದ ಕಾರಿನಲ್ಲಿ ಮಾತ್ರ ಮೆಕ್ಯಾನಿಕ್ ತಾನೇ ದಾರಿ ಹುಡುಕಬೇಕು.

ಇಂಥ ಕೆಲಸ ಹೆಚ್ಚಾಗಿ ನಡೆಯೋದು ಹೋಂಡಾ ಎಂಜಿನ್‌ಗಳ ಮೇಲೆ, ಅದೂ ಅಮೆರಿಕ, ಜಪಾನ್‌ಗಳಲ್ಲಿ. ಅಲ್ಲಿ ಈ ಪೈಪು ಎಳೆಯುವಾಗ ಆಗೋ ತಪ್ಪುಗಳು ಇಲ್ಲಿ ಟರ್ಬೊ ಬಿಚ್ಚಿ ಕಟ್ಟೋ ಗ್ಯಾರೇಜಿಗೂ, ಕೂಲೆಂಟ್ ಮಾರೋ ಅಂಗಡಿಗೂ ಪಾಠವೇ.

ಟರ್ಬೊ ಒಳಗೆ ಆಗೋದೇನು

ಟರ್ಬೊದಲ್ಲಿ ಒಂದೇ ಶಾಫ್ಟ್‌ನ ಎರಡು ತುದಿಗೆ ಎರಡು ಚಕ್ರ. ಒಂದನ್ನು ಸೈಲೆನ್ಸರ್ ಕಡೆ ಹೋಗೋ ಹೊಗೆ ತಿರುಗಿಸುತ್ತದೆ, ಇನ್ನೊಂದು ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತು ಮೀರಿ ತಿರುಗುತ್ತದೆ. ಪೆಟ್ರೋಲ್ ಎಂಜಿನ್ ಜೋರಾಗಿ ದುಡಿಯುವಾಗ ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಷ್ಟು ಬಿಸಿಯಾದ ಕಬ್ಬಿಣದ ಮನೆಯಿಂದ ನಾಲ್ಕು ಬೆರಳು ಆಚೆಗೆ ಶಾಫ್ಟ್‌ನ ಬೇರಿಂಗ್ ಕೂತಿರುತ್ತದೆ.

ಎಂಜಿನ್ ಓಡುತ್ತಿರುವಷ್ಟು ಹೊತ್ತು ಆಯಿಲ್ ಹರಿದು ಬಿಸಿಯನ್ನು ಹೊತ್ತೊಯ್ಯುತ್ತದೆ. ತೊಂದರೆ ಶುರುವಾಗೋದು ಕೀ ಆಫ್ ಆದ ಮೇಲೆ. ಆಯಿಲ್ ಪಂಪ್ ನಿಂತಿತು, ವಾಟರ್ ಪಂಪ್ ನಿಂತಿತು. ಕೆಂಪಗೆ ಕಾದ ಟರ್ಬೈನ್ ಮನೆಯ ಬಿಸಿ ಮಾತ್ರ ನಿಲ್ಲೋದಿಲ್ಲ. ಅದು ಮೆಲ್ಲಗೆ ಬೇರಿಂಗ್ ಕಡೆ ಹರಿದು ಬರುತ್ತದೆ. ಬೇರಿಂಗ್ ಒಳಗೆ ಉಳಿದ ಎಣ್ಣೆ ಅಲ್ಲೇ ಸೀದು ಹೋಗಿ, ಬಾಣಲೆ ತಳದ ಕರಿಯಂಥ ಪದರ ಕಟ್ಟುತ್ತದೆ. ನಾಲ್ಕಾರು ಸಲ ಹೀಗಾದರೆ ಎಣ್ಣೆಯ ಸಣ್ಣ ತೂತು ಕಟ್ಟುತ್ತದೆ, ಶಾಫ್ಟ್ ಅಲುಗುತ್ತದೆ, ಸೀಲ್ ಹೋಗಿ ನೀಲಿ ಹೊಗೆ ಬರುತ್ತದೆ.

ನೀರಿನ ಪೈಪು ಇರೋದು ಮುಖ್ಯವಾಗಿ ಆ ಹತ್ತು ಹದಿನೈದು ನಿಮಿಷಕ್ಕಾಗಿ. ಗಾಡಿ ಓಡುವಾಗ ನೀರು ಹರೀತಾ ಇದೆ ಅಂತ ಸಮಾಧಾನ ಪಟ್ಟುಕೊಂಡರೆ ಅರ್ಧ ಕೆಲಸವಷ್ಟೇ ಆದಂತೆ. ಪಂಪ್ ನಿಂತ ಮೇಲೂ ನೀರು ತಾನಾಗಿ ಹರಿಯೋ ಹಾಗೆ ಪೈಪು ಎಳೆದಿದ್ದಾರಾ ಅನ್ನೋದನ್ನು ನೋಡಬೇಕು.

ಸೋಲಾರ್ ವಾಟರ್ ಹೀಟರ್‌ನ ಲೆಕ್ಕವೇ ಇಲ್ಲೂ

ನಮ್ಮ ಊರಿನ ಮನೆಗಳ ತಾರಸಿ ಮೇಲೆ ಇರೋ ಸೋಲಾರ್ ವಾಟರ್ ಹೀಟರ್ ನೋಡಿ. ಅದರಲ್ಲಿ ಮೋಟರ್ ಇಲ್ಲ. ಬಿಸಿಲಿಗೆ ಕಾಯೋ ಭಾಗ ಕೆಳಗೆ, ಟ್ಯಾಂಕ್ ಮೇಲೆ. ಕಾದ ನೀರು ಹಗುರಾಗಿ ಮೇಲೆ ಏರುತ್ತದೆ, ತಣ್ಣೀರು ಕೆಳಗಿಂದ ಅದರ ಜಾಗಕ್ಕೆ ಬರುತ್ತದೆ. ಟ್ಯಾಂಕನ್ನು ಕೆಳಗಿಟ್ಟು ಪ್ಯಾನೆಲ್ಲನ್ನು ಮೇಲಿಟ್ಟರೆ ನೀರು ಅಲ್ಲಾಡೋದಿಲ್ಲ. ಪೈಪು ನಡುವೆ ಏರಿ ಇಳಿದರೆ ಏರಿನಲ್ಲಿ ಗಾಳಿ ಸಿಕ್ಕಿಕೊಂಡು ಹರಿವು ನಿಲ್ಲುತ್ತದೆ. ಫಿಟ್ಟಿಂಗ್ ಮಾಡೋ ಹುಡುಗರಿಗೆ ಇದು ಪುಸ್ತಕ ಓದದೆಯೂ ಗೊತ್ತು.

ಟರ್ಬೊಗೂ ಇದೇ ಲೆಕ್ಕ. ಟರ್ಬೊದ ನಡುವಿನ ಮನೆಯಲ್ಲಿ ಎಡಕ್ಕೊಂದು, ಬಲಕ್ಕೊಂದು ನೀರಿನ ತೂತು ಇರುತ್ತದೆ. ತಣ್ಣೀರು ಕೆಳಗಿನ ತೂತಿಗೆ ಬರಬೇಕು, ಬಿಸಿನೀರು ಮೇಲಿನ ತೂತಿನಿಂದ ಹೋಗಬೇಕು, ಹೋದ ಪೈಪು ಏರುತ್ತಲೇ ಹೋಗಬೇಕು. ಎರಡೂ ತೂತು ಒಂದೇ ಮಟ್ಟದಲ್ಲಿದ್ದರೆ ನೀರಿಗೆ ದಾರಿ ತೋಚೋದಿಲ್ಲ. ಅದಕ್ಕೇ ಟರ್ಬೊ ತಯಾರಿಸೋ ಗ್ಯಾರೆಟ್ ಕಂಪನಿ ನಡುವಿನ ಮನೆಯನ್ನು ಸುಮಾರು 20 ಡಿಗ್ರಿ ಓರೆ ತಿರುಗಿಸಿ ಕೂರಿಸಲು ಹೇಳುತ್ತದೆ. ಆಗ ಒಂದು ತೂತು ಕೆಳಗೆ, ಇನ್ನೊಂದು ಮೇಲೆ ಆಗುತ್ತದೆ. ಹಾಗಂತ ಮನಸ್ಸಿಗೆ ಬಂದಷ್ಟು ತಿರುಗಿಸುವಂತಿಲ್ಲ. ಆಯಿಲ್ ವಾಪಸು ಇಳಿಯೋ ಪೈಪು ನೆಟ್ಟಗೆ ಕೆಳಮುಖವಾಗಿರಬೇಕು, ಅದಕ್ಕೆ 35 ಡಿಗ್ರಿಗಿಂತ ಹೆಚ್ಚು ಓರೆ ಬೇಡ ಅನ್ನೋದು ಅದೇ ಕಂಪನಿಯ ಮಾತು.

ಇಲ್ಲೇ ಹಲವರು ಎಡವೋದು. ಎಣ್ಣೆ ಮೇಲಿಂದ ಬಂದು ಕೆಳಗೆ ಹೋಗುತ್ತದೆ, ನೀರು ಕೆಳಗಿಂದ ಬಂದು ಮೇಲಕ್ಕೆ ಹೋಗುತ್ತದೆ. ಒಂದರ ಅಭ್ಯಾಸದಲ್ಲಿ ಇನ್ನೊಂದನ್ನು ಜೋಡಿಸಿದರೆ ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಲೀಕೂ ಇರೋದಿಲ್ಲ. ತಪ್ಪು ಕಣ್ಣಿಗೆ ಬೀಳೋದು ಟರ್ಬೊ ಹೋದ ಮೇಲೆ.

ಹೋಂಡಾದಲ್ಲಿ ನೀರು ಎಲ್ಲಿ ಸಿಗುತ್ತದೆ

ಹೋಂಡಾದ ಬಿ16ಎ ಎಂಜಿನ್ 1989ರಲ್ಲಿ ಇಂಟೆಗ್ರಾ ಕಾರಿನಲ್ಲಿ ಬಂತು. 1.6 ಲೀಟರ್, ಟರ್ಬೊ ಇಲ್ಲದೆಯೇ 160 ಕುದುರೆ ಶಕ್ತಿ. 2001ರಿಂದ ಕೆ ಸರಣಿ ಶುರುವಾಯಿತು. 1990ರ ದಶಕದ ಹಗುರ ಸಿವಿಕ್ ಕಾರಿಗೆ ಈ ಕೆ20 ಎಂಜಿನ್ ಇಳಿಸೋದು ಅಮೆರಿಕದ ಗ್ಯಾರೇಜುಗಳಲ್ಲಿ ಇಡ್ಲಿ ಬೇಯಿಸಿದಷ್ಟು ಮಾಮೂಲು.

ಆದರೆ ಎರಡೂ ಎಂಜಿನ್ ಕೂರೋ ರೀತಿ ತಿರುಗಾಮುರುಗಾ. ಬಿ ಸರಣಿಯಲ್ಲಿ ಹೊಗೆ ಹೊರಡೋದು ರೇಡಿಯೇಟರ್ ಕಡೆಗೆ. ಕೆ ಸರಣಿಯಲ್ಲಿ ಹಿಂದೆ, ಡ್ಯಾಶ್‌ಬೋರ್ಡ್ ಕಡೆಯ ಗೋಡೆಗೆ. ಟರ್ಬೊ ಕೂರೋದು ಹೊಗೆಯ ಕಡೆಯಾದ್ದರಿಂದ ಒಂದರ ಪೈಪಿನ ಅಳತೆ ಇನ್ನೊಂದಕ್ಕೆ ಬರೋದಿಲ್ಲ. ರೆಡಿಮೇಡ್ ಕಿಟ್ ತಂದರೂ ಕೊನೆಗೆ ಕತ್ತರಿಸಿ ಜೋಡಿಸೋ ಕೆಲಸ ತಪ್ಪೋದಿಲ್ಲ.

ನೀರು ತಗೊಳ್ಳೋ ಜಾಗ ಆರಿಸುವಾಗ ಒತ್ತಡದ ವ್ಯತ್ಯಾಸ ನೋಡಬೇಕು. ವಾಟರ್ ಪಂಪ್ ತಳ್ಳಿದ ನೀರು ಇರೋ ಜಾಗದಿಂದ, ಅಂದರೆ ಬ್ಲಾಕ್ ಅಥವಾ ಹೆಡ್‌ನಿಂದ ತಗೊಂಡು, ಪಂಪ್ ಎಳೆದುಕೊಳ್ಳೋ ಕಡೆಗೆ ವಾಪಸು ಕೊಡಬೇಕು. ಒಂದೇ ಹೋಸ್‌ಗೆ ಒಂದು ಗೇಣು ಅಂತರದಲ್ಲಿ ಎರಡು ಟೀ ಹಾಕಿ, ಒಂದರಿಂದ ತಗೊಂಡು ಇನ್ನೊಂದಕ್ಕೆ ಬಿಟ್ಟರೆ ಎರಡೂ ಕಡೆ ಒತ್ತಡ ಒಂದೇ. ನೀರು ಸಲೀಸಾದ ದೊಡ್ಡ ಪೈಪಿನಲ್ಲೇ ಹೋಗುತ್ತದೆ, ಟರ್ಬೊ ಕಡೆ ತಿರುಗಿಯೂ ನೋಡೋದಿಲ್ಲ.

ಹೋಂಡಾದಲ್ಲಿ ಸುಲಭವಾಗಿ ಸಿಗೋದು ಥ್ರಾಟಲ್ ಬಾಡಿ ಮತ್ತು ಐಡಲ್ ವಾಲ್ವ್ ಬೆಚ್ಚಗಿಡೋ ಸಣ್ಣ ಹೋಸ್. ತುಂಬ ಜನ ಅದನ್ನೇ ಬಿಡಿಸಿ ಟರ್ಬೊಗೆ ತಿರುಗಿಸುತ್ತಾರೆ. ಸಾಧಾರಣ ಅಳತೆಯ ಟರ್ಬೊಗೆ ಆ ಹರಿವು ಸಾಕಾಗುತ್ತದೆ. ಇನ್ನೊಂದು ದಾರಿ ಹೀಟರ್ ಹೋಸ್. ಅದು ದೊಡ್ಡದು, ಹರಿವು ಹೆಚ್ಚು, ಕೆ ಸರಣಿಯಲ್ಲಿ ಟರ್ಬೊಗೆ ಹತ್ತಿರವೂ ಹೌದು. ಆದರೆ ಅದರಲ್ಲಿ ಒಂದು ಮೋಸವಿದೆ. ಆ ಕಾಲದ ಸಿವಿಕ್‌ಗಳಲ್ಲಿ ಹೀಟರ್‌ಗೆ ಕೇಬಲ್‌ನಿಂದ ತೆರೆದು ಮುಚ್ಚೋ ವಾಲ್ವ್ ಇದೆ. ಡ್ರೈವರ್ ಒಳಗೆ ತಣ್ಣನೆ ಗಾಳಿಗೆ ನಾಬ್ ತಿರುಗಿಸಿದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಟರ್ಬೊವನ್ನು ಆ ಸಾಲಿನಲ್ಲೇ ಸೇರಿಸಿದ್ದರೆ ಬೇಸಿಗೆಯಲ್ಲಿ, ನೀರು ಹೆಚ್ಚು ಬೇಕಾದ ಹೊತ್ತಿಗೇ ಅದರ ನೀರು ಬಂದ್. ವಾಲ್ವ್‌ಗೆ ಮುಂಚೆಯೇ ಟೀ ಹಾಕಿ ಟರ್ಬೊಗೆ ಬೇರೆ ದಾರಿ ಕೊಡೋದು ವಾಸಿ.

ಥರ್ಮೋಸ್ಟಾಟ್ ವಿಷಯ ಒಂದು ಮಾತಿನಲ್ಲಿ ಮುಗಿಯುತ್ತದೆ. ಈ ಎಂಜಿನ್‌ಗಳಲ್ಲಿ ಅದು ರೇಡಿಯೇಟರ್‌ನಿಂದ ನೀರು ಒಳಬರೋ ಕಡೆ ಇದೆ. ಟರ್ಬೊದಿಂದ ಬಂದ ನೀರನ್ನು ಥರ್ಮೋಸ್ಟಾಟ್‌ನ ಪಂಪ್ ಕಡೆಗೇ ಸೇರಿಸಿದರೆ, ಎಂಜಿನ್ ತಣ್ಣಗಿದ್ದು ಥರ್ಮೋಸ್ಟಾಟ್ ಮುಚ್ಚಿರುವಾಗಲೂ ಹರಿವು ಇರುತ್ತದೆ.

ಗಾಳಿ ಸಿಕ್ಕಿಕೊಂಡರೆ

ಪೈಪು ಏರುತ್ತಾ ಹೋಗಬೇಕು ಸರಿ, ಆದರೆ ಪಂಪ್ ಕಡೆ ಹೋಗಲು ಎಲ್ಲೋ ಒಂದು ಕಡೆ ಇಳಿಯಲೇಬೇಕಲ್ಲ? ಇಳಿಯೋ ಮುಂಚಿನ ಆ ತುತ್ತತುದಿಯಲ್ಲಿ ಗಾಳಿ ಗುಳ್ಳೆ ಕೂರುತ್ತದೆ. ಅಲ್ಲಿಂದ ಒಂದು ಸಣ್ಣ ಹೋಸನ್ನು ಎಲ್ಲಕ್ಕಿಂತ ಮೇಲಿರೋ ಕೂಲೆಂಟ್ ಟ್ಯಾಂಕಿಗೆ, ಅಂದರೆ ಪ್ರೆಶರ್ ಕ್ಯಾಪ್ ಇರೋ ಟ್ಯಾಂಕಿಗೆ ಕೊಟ್ಟರೆ ಗುಳ್ಳೆ ತಾನೇ ಹೊರಬರುತ್ತದೆ. ಪಕ್ಕದಲ್ಲಿ ನೇತಾಡೋ ಮಾಮೂಲಿ ಓವರ್‌ಫ್ಲೋ ಬಾಟಲಿ ಬೇರೆ, ಈ ಟ್ಯಾಂಕ್ ಬೇರೆ. ಬಾಟಲಿಯಲ್ಲಿ ಒತ್ತಡ ನಿಲ್ಲೋದಿಲ್ಲ. ಟ್ಯಾಂಕ್ ಇಲ್ಲದಿದ್ದರೆ ಗಾಡಿಯ ಮೂತಿ ಎತ್ತರಕ್ಕೆ ನಿಲ್ಲಿಸಿ, ಹೀಟರ್ ಪೂರ್ತಿ ತೆರೆದು, ಎಂಜಿನ್ ಮೇಲಿರೋ ಬ್ಲೀಡ್ ಬೋಲ್ಟ್ ಸಡಿಲಿಸಿ, ನಿಧಾನಕ್ಕೆ ಕೂಲೆಂಟ್ ಹೊಯ್ಯಬೇಕು. ಫ್ಯಾನ್ ಎರಡು ಸಲ ತಿರುಗಿ ನಿಲ್ಲೋವರೆಗೂ ಕಾಯಬೇಕು. ಅವಸರದಲ್ಲಿ ಕ್ಯಾಪ್ ಹಾಕಿ ಕಳಿಸಿದ ಗಾಡಿ ಮಾರನೇ ದಿನ ಬಿಸಿಯಾಗಿ ವಾಪಸು ಬರುತ್ತದೆ.

ಬೋಲ್ಟು, ವಾಷರ್, ಹೋಸು

ಗ್ಯಾರೆಟ್‌ನ ಜಿಟಿ28, ಜಿಟಿ30 ತರಹದ ಟರ್ಬೊಗಳಲ್ಲಿ ನೀರಿನ ತೂತು ಎಂ14, 1.5 ಪಿಚ್. ನಡುವೆ ತೂತಿರೋ ಬ್ಯಾಂಜೊ ಬೋಲ್ಟ್ ಹಾಕಿ, ಅದರ ಎರಡೂ ಬದಿಗೆ ತಾಮ್ರದ ವಾಷರ್ ಕೂರಿಸಬೇಕು. ಬಿಚ್ಚಿದಾಗಲೆಲ್ಲ ಹೊಸ ವಾಷರ್. ಐದು ಹತ್ತು ರೂಪಾಯಿ ಉಳಿಸಲು ಹಳೇದನ್ನೇ ಉಜ್ಜಿ ಹಾಕೋದು ಬೇಡ. ಬಾಲ್ ಬೇರಿಂಗ್ ಟರ್ಬೊಗೆ ಆಯಿಲ್ ಕಡಿಮೆ ಮಾಡೋ ರಿಸ್ಟ್ರಿಕ್ಟರ್ ಹಾಕುವ ಪದ್ಧತಿ ಇದೆ. ಅದನ್ನು ನೀರಿನ ಸಾಲಿಗೆ ಹಾಕಬಾರದು.

ಟರ್ಬೊ ಪಕ್ಕದ ಒಂದಡಿ ಜಾಗದಲ್ಲಿ ರಬ್ಬರ್ ಹೋಸ್ ಬಾಳೋದಿಲ್ಲ, ಒಣಗಿ ಸೀಳುತ್ತದೆ. ಅಲ್ಲಿ ಸ್ಟೀಲ್ ಪೈಪು ಅಥವಾ ಸ್ಟೀಲ್ ಬಲೆ ಹೆಣೆದ ಹೋಸ್ ಹಾಕಿ, ದೂರ ಬಂದ ಮೇಲೆ ರಬ್ಬರ್ ಜೋಡಿಸಬೇಕು. ಸ್ಟೀಲ್ ಪೈಪಿನ ತುದಿಗೆ ಉಬ್ಬು ಇಲ್ಲದಿದ್ದರೆ ಕ್ಲಿಪ್ ಎಷ್ಟು ಬಿಗಿದರೂ ಒತ್ತಡಕ್ಕೆ ಹೋಸ್ ಜಾರುತ್ತದೆ. ಎಂಜಿನ್‌ನಿಂದ ಬಾಡಿಗೆ ಹೋಗೋ ಕಡೆ ಸ್ವಲ್ಪ ಸಡಿಲ ಬಿಡಬೇಕು, ಗೇರ್ ಹಾಕಿದಾಗ ಎಂಜಿನ್ ಓಲಾಡುತ್ತದೆ. ಗಟ್ಟಿ ಪೈಪು ಅಲ್ಲೇ ಬಿರುಕು ಬಿಡುತ್ತದೆ.

ಬೋರ್‌ವೆಲ್ ನೀರು ಬೇಡ

ಇದು ಹೋಂಡಾಗೆ ಮಾತ್ರ ಅಲ್ಲ, ಎಲ್ಲ ಟರ್ಬೊ ಗಾಡಿಗೂ. ಬಯಲುಸೀಮೆಯ ಬೋರ್ ನೀರು ಗಡಸು. ಗೀಸರ್ ಕಾಯಿಲ್ ಮೇಲೆ ಕಟ್ಟೋ ಬಿಳಿ ಸುಣ್ಣವೇ ಟರ್ಬೊದ ಸಣ್ಣ ದಾರಿಯಲ್ಲೂ ಕಟ್ಟುತ್ತದೆ, ಅದೂ ಅತಿ ಬಿಸಿಯಾಗೋ ಜಾಗದಲ್ಲೇ ಮೊದಲು. ಕೂಲೆಂಟನ್ನು ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿದರೆ ಕುದಿಯೋ ಬಿಸಿ 107 ಡಿಗ್ರಿ ಹತ್ತಿರ ಹೋಗುತ್ತದೆ. ಒತ್ತಡ ಹಿಡಿಯೋ ರೇಡಿಯೇಟರ್ ಕ್ಯಾಪ್ ಅದನ್ನು ಇನ್ನೂ 20 ಡಿಗ್ರಿಗಿಂತ ಹೆಚ್ಚು ಏರಿಸುತ್ತದೆ. ಕ್ಯಾಪ್‌ನ ರಬ್ಬರ್ ಸವೆದಿದ್ದರೆ ಆ ಲಾಭ ಹೋಯಿತು. ಟರ್ಬೊ ಒಳಗೇ ನೀರು ಕುದಿಯುತ್ತದೆ.

ಅಂಗಡಿಯವರು ಗಿರಾಕಿಗೆ ಹೇಳಬೇಕಾದ ಮಾತೂ ಒಂದಿದೆ. ಕ್ಯಾನ್ ಮೇಲೆ ‘ರೆಡಿ ಟು ಯೂಸ್’ ಅಂತಿದ್ದರೆ ಅದಕ್ಕೆ ಮತ್ತೆ ನೀರು ಬೆರೆಸಬಾರದು, ‘ಕಾನ್ಸಂಟ್ರೇಟ್’ ಅಂತಿದ್ದರೆ ಬೆರೆಸದೆ ಹಾಕಬಾರದು. ಹೋಂಡಾದ ಸ್ವಂತ ಟೈಪ್ 2 ಕೂಲೆಂಟ್ ನೀಲಿ ಬಣ್ಣದ್ದು, ಮೊದಲೇ ಬೆರೆಸಿ ಬರುತ್ತದೆ. ಬಣ್ಣ ಒಂದೇ ಅಂತ ಬೇರೆ ಜಾತಿಯದನ್ನು ಸೇರಿಸೋದೂ ತಪ್ಪು, ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ.

ನಮ್ಮ ರಸ್ತೆಯ ಗಾಡಿಗಳಿಗೆ

ಸರಕು ಸಾಗಿಸೋ ಹಲವು ಡೀಸೆಲ್ ಪಿಕಪ್‌ಗಳ ಟರ್ಬೊಗೆ ನೀರಿನ ಪೈಪೇ ಇಲ್ಲ, ಎಣ್ಣೆ ಮಾತ್ರ. ಡೀಸೆಲ್ ಹೊಗೆ ಪೆಟ್ರೋಲ್‌ನಷ್ಟು ಬಿಸಿ ಇರೋದಿಲ್ಲ. ಅವಕ್ಕೆ ಡ್ರೈವರ್‌ಗಳ ಆ ಎರಡು ನಿಮಿಷದ ಐಡಲ್ ಇನ್ನೂ ಬೇಕು. ಹೊಸ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ನೀರಿನ ಸಾಲು ಇದೆ. ಕೆಲವದರಲ್ಲಿ ಕೀ ತೆಗೆದ ಮೇಲೂ ಬಾನೆಟ್ ಒಳಗೆ ಗುಂಯ್ ಅನ್ನೋ ಸದ್ದು ಕೇಳುತ್ತದೆ. ಅದು ಟರ್ಬೊಗೆ ನೀರು ತಿರುಗಿಸೋ ಕರೆಂಟ್ ಪಂಪ್ ಅಥವಾ ಫ್ಯಾನ್. ಕೆಟ್ಟಿದೆ ಅಂತ ಬ್ಯಾಟರಿ ವೈರ್ ಕಳಚಲು ಹೋಗಬೇಡಿ.

ಎಂಜಿನ್ ಬದಲಿಸೋ ಆಸೆ ಇರೋರಿಗೆ ಕಾನೂನಿನ ಮಾತು: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಎಂಜಿನ್ ಬದಲಿಸೋದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

ಇನ್ನು ಟರ್ಬೊ ಬಿಚ್ಚಿ ಕಟ್ಟಿಸಿಕೊಂಡು ಬಂದವರು ಮೊದಲ ವಾರ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ ಟ್ಯಾಂಕಿನ ಗೆರೆ ನೋಡಿ. ಮೊದಲೆರಡು ದಿನ ಸ್ವಲ್ಪ ಇಳಿದರೆ ಒಳಗಿದ್ದ ಗಾಳಿ ಹೊರಬಂದಿದೆ ಅಂತ ತಿಳಿಯಬಹುದು. ದಿನಾ ಇಳಿಯುತ್ತಿದ್ದು ನೆಲದ ಮೇಲೆ ಹನಿ ಕಾಣದಿದ್ದರೆ, ಟರ್ಬೊ ಬಿಸಿಗೆ ಅಲ್ಲೇ ಆವಿಯಾಗುತ್ತಿರಬಹುದು. ಬಾನೆಟ್ ತೆರೆದಾಗ ಸಿಹಿ ವಾಸನೆ ಬರುತ್ತದಾ, ಬ್ಯಾಂಜೊ ಬೋಲ್ಟ್ ಸುತ್ತ ಒಣಗಿದ ಕಲೆ ಇದೆಯಾ ಅಂತ ನೋಡಿಕೊಂಡು ಗ್ಯಾರೇಜಿಗೆ ಹೋಗಿ.