ಕಡಲಿಲ್ಲದ ಊರಿನ ಬಂದರುಗಳು

ಬಂದರು ಎಂದಾಗ ಕನ್ನಡಿಗರ ಕಣ್ಣ ಮುಂದೆ ಬರುವುದು ಕರಾವಳಿ. ಮಂಗಳೂರಿನ ಹಳೆ ಬಂದರಾಗಲಿ, ಮಲ್ಪೆ, ಹೊನ್ನಾವರಗಳಾಗಲಿ ಹೊಳೆ ಕಡಲಿಗೆ ಸೇರುವ ಅಳಿವೆಗಳಲ್ಲಿ ಬೆಳೆದವು. ಅಲೆಯ ಹೊಡೆತದಿಂದ ದೋಣಿಗೆ ಮರೆ ಸಿಕ್ಕಿತು, ಧಕ್ಕೆ ಕಟ್ಟಲಾಯಿತು, ಧಕ್ಕೆಯ ಹಿಂದೆ ಪೇಟೆ ಎದ್ದಿತು. ಹೀಗಾಗಿ ಬಂದರನ್ನು ಕೊಡುವುದು ಪ್ರಕೃತಿ, ಮನುಷ್ಯ ಅದನ್ನು ಬಳಸಿಕೊಳ್ಳುತ್ತಾನೆ ಅಷ್ಟೇ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ಹೇಳಿಕೊಳ್ಳುವಂಥ ನದಿಯೂ ಇಲ್ಲದ ಬೆಂಗಳೂರಿನ ಚರಿತ್ರೆ ಬರೆಯುವವರು ಆ ಪದದ ಹತ್ತಿರವೂ ಸುಳಿಯುವುದಿಲ್ಲ. ಆದರೆ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಳೆದ ನಾಲ್ಕು ದಶಕಗಳನ್ನು ಅರಿಯಬೇಕಾದರೆ ಅವನ್ನು ಬಂದರುಗಳೆಂದೇ ನೋಡಬೇಕು ಎಂಬುದು ನನ್ನ ವಾದ. ಹೊರದೇಶದ ಸರಕು ನಾಡಿಗೆ ಇಳಿಯುವ, ನಾಡಿನ ಸರಕು ಹೊರದೇಶಕ್ಕೆ ಏರುವ ಜಾಗವನ್ನು ಗೊತ್ತುಪಡಿಸುವುದು ಕೊನೆಗೂ ಒಂದು ಸರ್ಕಾರಿ ತೀರ್ಮಾನ. ಆ ತೀರ್ಮಾನ ಎಲ್ಲಿ ಬಿತ್ತೋ ಅಲ್ಲಿ ಊರು ಬೆಳೆಯಿತು.

ಕಡಲ ದಂಡೆಯಲ್ಲೂ ಇದು ಹೀಗೇ ನಡೆದದ್ದುಂಟು. ಡೆನ್ಮಾರ್ಕಿನ ಪಶ್ಚಿಮ ತೀರದ ಎಸ್ಬ್ಯರ್ಗ್ ಒಂದು ಕಾಲಕ್ಕೆ ಆ ದೇಶದ ಅತಿ ದೊಡ್ಡ ಮೀನುಗಾರಿಕೆ ಬಂದರೆಂದು ಹೆಸರಾಗಿದ್ದ ಊರು. 1868ಕ್ಕೆ ಮೊದಲು ಅಲ್ಲಿ ಇದ್ದದ್ದು ಬೆರಳೆಣಿಕೆಯ ಮನೆಗಳು. 1864ರ ಯುದ್ಧದಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯಗಳಿಗೆ ಸೋತು ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಪ್ರಾಂತ್ಯಗಳನ್ನು ಕಳೆದುಕೊಂಡ ಡೆನ್ಮಾರ್ಕಿಗೆ, ಇಂಗ್ಲೆಂಡಿಗೆ ದನ, ಬೆಣ್ಣೆ, ಹಂದಿಮಾಂಸ ಕಳಿಸಲು ಹೊಸ ಬಾಗಿಲು ಬೇಕಾಯಿತು. 1868ರಲ್ಲಿ ಕಾನೂನು ಮಾಡಿ, ಬರಿ ದಂಡೆಯಲ್ಲಿ ಬಂದರು ಕಟ್ಟಿ, ರೈಲು ಹಾದಿ ಎಳೆದರು. ಮೀನುಗಾರರು ಬಂದದ್ದು ಆಮೇಲೆ. ಬೆಣ್ಣೆಗಾಗಿ ಕಟ್ಟಿದ ಬಂದರಿನಲ್ಲಿ ಮೀನಿನ ವ್ಯಾಪಾರ ಬೆಳೆಯಿತು. ಮೀನುಗಾರಿಕೆ ಇಳಿಮುಖವಾದಾಗ ಅದೇ ಬಂದರು ಉತ್ತರ ಸಮುದ್ರದ ತೈಲಕ್ಕೆ, ಅನಂತರ ಕಡಲಿನಲ್ಲಿ ನೆಡುವ ಗಾಳಿಯಂತ್ರಗಳಿಗೆ ನೆಲೆಯಾಯಿತು. ನಮ್ಮ ಪಣಂಬೂರಿನ ನವಮಂಗಳೂರು ಬಂದರೂ ಅಳಿವೆಯ ವರವೇನಲ್ಲ. ದಂಡೆಯನ್ನು ಅಗೆದು ಮಾಡಿದ ಆ ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಹೀಗೆ ಕಡಲ ಪಕ್ಕದಲ್ಲೇ ಬಂದರನ್ನು ತೀರ್ಮಾನದಿಂದ ಸೃಷ್ಟಿಸಬಹುದಾದರೆ, ಒಳನಾಡಿನಲ್ಲಿ ಯಾಕಾಗದು?

ಸಾರಿಗೆ ಇದ್ದಮಾತ್ರಕ್ಕೆ ಬಂದರು ಆಗುವುದಿಲ್ಲ ಎಂಬುದಕ್ಕೆ ವೈಟ್‌ಫೀಲ್ಡೇ ಸಾಕ್ಷಿ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಓಡತೊಡಗಿದ್ದು 1864ರಲ್ಲಿ. ಆಗಲೇ ಈ ಸೀಮೆಗೆ ಮದರಾಸಿನ ಕಡಲಿನ ಸಂಪರ್ಕ ಸಿಕ್ಕಿತ್ತು. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ಟರು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರಿನ ಊರು ಹುಟ್ಟಿತು. ವೃತ್ತಾಕಾರದ ಬೀದಿಗಳು, ತೋಟದ ಮನೆಗಳು, ಕೃಷಿಯಿಂದ ಬದುಕುವ ಕನಸು, ಇವೆಲ್ಲ ಅಲ್ಲಿದ್ದವು. ರೈಲು ನಿಲ್ದಾಣವೂ ಕಾಡುಗೋಡಿಯಲ್ಲಿ ಹತ್ತಿರವೇ ಇತ್ತು. ಆದರೂ ಸುಮಾರು ನೂರು ವರ್ಷ ಅದು ಸಣ್ಣ ಊರಾಗಿಯೇ ಉಳಿಯಿತು. ರೈಲು ಹಾದುಹೋಗುತ್ತಿತ್ತು, ಸರಕು ಅಲ್ಲಿ ದೇಶದ ಗಡಿ ದಾಟುತ್ತಿರಲಿಲ್ಲ. ಸುಂಕ ಕಟ್ಟುವುದು, ತಪಾಸಣೆ, ಕಾಗದಪತ್ರ ಎಲ್ಲವೂ ಮದರಾಸಿನಲ್ಲೇ ಆಗಬೇಕಿತ್ತು.

ಆ ಕೆಲಸ ಒಳನಾಡಿಗೆ ಬಂದದ್ದು 1981ರಲ್ಲಿ. ಭಾರತೀಯ ರೈಲ್ವೆ ದೇಶದ ಮೊದಲ ಒಳನಾಡು ಕಂಟೇನರ್ ಡಿಪೊವನ್ನು ಬೆಂಗಳೂರಿನಲ್ಲಿ ತೆರೆಯಿತು. 1956ರಲ್ಲಿ ಅಮೆರಿಕದಲ್ಲಿ ಶುರುವಾದ ಕಂಟೇನರ್ ಹಡಗು ಸಾಗಣೆ ಅಷ್ಟುಹೊತ್ತಿಗೆ ಜಗತ್ತಿನ ಬಂದರುಗಳ ಚಹರೆಯನ್ನೇ ಬದಲಿಸಿತ್ತು. ಮೂಟೆ ಮೂಟೆಯಾಗಿ ಹಡಗಿಗೆ ಏರಿಸುತ್ತಿದ್ದ ಸರಕನ್ನು ಒಂದೇ ಉಕ್ಕಿನ ಪೆಟ್ಟಿಗೆಗೆ ತುಂಬಿ ಬೀಗಮುದ್ರೆ ಹಾಕಿದರೆ, ಅದನ್ನು ತುಂಬುವ ಜಾಗ ಹಡಗಿನ ಪಕ್ಕದಲ್ಲೇ ಇರಬೇಕೆಂಬ ನಿರ್ಬಂಧ ಹೋಯಿತು. 1962ರ ಕಸ್ಟಮ್ಸ್ ಕಾಯ್ದೆಗೆ 1983ರಲ್ಲಿ ತಿದ್ದುಪಡಿಯಾಗಿ, ಬಂದರು ಮತ್ತು ವಿಮಾನನಿಲ್ದಾಣಗಳ ಸಾಲಿನಲ್ಲೇ ಒಳನಾಡು ಡಿಪೊಗಳಿಗೂ ಸ್ಥಾನ ಸಿಕ್ಕಿತು. 1988ರಲ್ಲಿ ಸ್ಥಾಪನೆಯಾದ ಕಂಟೇನರ್ ಕಾರ್ಪೊರೇಷನ್, ಮರುವರ್ಷ ರೈಲ್ವೆಯಿಂದ ಇಂಥ ಏಳು ಡಿಪೊಗಳನ್ನು ವಹಿಸಿಕೊಂಡಿತು. ಬೆಂಗಳೂರಿನ ಈ ಕೆಲಸ ಮುಂದೆ ವೈಟ್‌ಫೀಲ್ಡಿನ ರೈಲು ಹಾದಿಯ ಬದಿಯಲ್ಲಿ ನೆಲೆಯೂರಿತು. ರಫ್ತುದಾರ ಅಲ್ಲೇ ಷಿಪ್ಪಿಂಗ್ ಬಿಲ್ ಸಲ್ಲಿಸುತ್ತಾನೆ, ಕಸ್ಟಮ್ಸ್ ಅಧಿಕಾರಿ ಅಲ್ಲೇ ತಪಾಸಣೆ ಮುಗಿಸುತ್ತಾನೆ, ಮುದ್ರೆ ಬಿದ್ದ ಪೆಟ್ಟಿಗೆ ರೈಲಿನಲ್ಲಿ ಸುಮಾರು 350 ಕಿ.ಮೀ. ದೂರದ ಚೆನ್ನೈಗೆ ಹೋಗಿ ಹಡಗು ಹತ್ತುತ್ತದೆ. ಕಾಗದಪತ್ರದ ಮಟ್ಟಿಗೆ ನಾಡು ಬಿಡುವುದು ವೈಟ್‌ಫೀಲ್ಡಿನಲ್ಲೇ.

ನಮ್ಮದೇ ಕಡಲು ಇರುವಾಗ ಚೆನ್ನೈ ಯಾಕೆ ಎಂದು ಯಾರಾದರೂ ಕೇಳಿಯಾರು. ಉತ್ತರ ಅರ್ಧ ಘಟ್ಟದಲ್ಲಿದೆ, ಅರ್ಧ ಆಡಳಿತದಲ್ಲಿದೆ. ಹಾಸನದಿಂದ ಮಂಗಳೂರಿಗೆ ಮೀಟರ್ ಗೇಜ್ ರೈಲು ಪೂರ್ತಿಯಾದದ್ದು 1979ರಲ್ಲಿ. ಸಕಲೇಶಪುರ ಮತ್ತು ಸುಬ್ರಹ್ಮಣ್ಯದ ನಡುವಿನ ಸುರಂಗಗಳ ಕಡಿದಾದ ಇಳಿಜಾರಿನಲ್ಲಿ ಭಾರದ ರೈಲು ಓಡಿಸುವುದು ಕಷ್ಟ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1996ರಲ್ಲಿ. ಬ್ರಾಡ್‌ಗೇಜ್ ಪರಿವರ್ತನೆಗೆಂದು ಮುಚ್ಚಿದ ಹಾದಿ ಸರಕಿಗೆ ತೆರೆದದ್ದು 2006ರಲ್ಲಿ, ಪ್ರಯಾಣಿಕರಿಗೆ 2007ರಲ್ಲಿ. ಬೆಂಗಳೂರಿನ ಹೊರವಲಯ ಜಗತ್ತಿನೊಂದಿಗೆ ವ್ಯಾಪಾರ ಹೆಚ್ಚಿಸಿಕೊಂಡ ಆ ದಶಕದಲ್ಲೇ ಕರ್ನಾಟಕದ ದೊಡ್ಡ ಬಂದರಿಗೂ ರಾಜಧಾನಿಗೂ ನೇರ ರೈಲು ಇರಲಿಲ್ಲ. ಪ್ರಕೃತಿ ಕೊಟ್ಟ ಕಡಲು ಇದ್ದೂ ಸಂಪರ್ಕದ ತೀರ್ಮಾನ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಎಲೆಕ್ಟ್ರಾನಿಕ್ ಸಿಟಿಯ ಕಥೆಯಲ್ಲಿ ಪೆಟ್ಟಿಗೆಯೂ ಇಲ್ಲ, ರೈಲೂ ಇಲ್ಲ. ಆರ್. ಕೆ. ಬಾಳಿಗ ಅವರ ನೇತೃತ್ವದಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಈ ಬಡಾವಣೆ ಮಾಡಿದಾಗ ಉದ್ದೇಶ ಇದ್ದದ್ದು ಎಲೆಕ್ಟ್ರಾನಿಕ್ ಸಾಮಾನು ತಯಾರಿಸುವ ಕಾರ್ಖಾನೆಗಳು. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್, ತನ್ನ ಕೆಲಸವನ್ನು ಉಪಗ್ರಹದ ಮೂಲಕ ಹೊರದೇಶಕ್ಕೆ ಕಳಿಸುವ ದಾರಿ ತೋರಿಸಿತು. ಸಣ್ಣ ಕಂಪನಿಗಳಿಗೆ ಅಂಥ ಸ್ವಂತ ಏರ್ಪಾಡು ಕೈಗೆಟುಕುವಂಥದ್ದಾಗಿರಲಿಲ್ಲ. 1991ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಭೂಕೇಂದ್ರ ಇಟ್ಟುಕೊಂಡು, ಬಾಡಿಗೆಗೆ ಸಂಪರ್ಕ ಕೊಟ್ಟಿತು. ಆ ಸಂಸ್ಥೆಯ ಯೋಜನೆಗೆ ಸೇರಿದ ಕಂಪನಿಗಳ ಕಚೇರಿಗಳಿಗೆ ಕಂಪ್ಯೂಟರುಗಳನ್ನು ಸುಂಕವಿಲ್ಲದೆ ತರಿಸಬಹುದಿತ್ತು. ಕಾನೂನಿನ ಕಣ್ಣಲ್ಲಿ ಆ ಕಟ್ಟಡಗಳು ಕಸ್ಟಮ್ಸ್ ಉಸ್ತುವಾರಿಯ ಬಾಂಡೆಡ್ ಗೋದಾಮುಗಳಾಗಿದ್ದವು. ತಂತಿಯಲ್ಲಿ ಹೋದ ಸಾಫ್ಟ್‌ವೇರಿಗೂ ಸಾಫ್ಟೆಕ್ಸ್ ಎಂಬ ರಫ್ತು ಪತ್ರ ಬೇಕಿತ್ತು, ಅದನ್ನು ದೃಢೀಕರಿಸುವುದು ಈ ಸಂಸ್ಥೆಯ ಕೆಲಸ. ಧಕ್ಕೆ, ಗೋದಾಮು, ಸುಂಕದ ಕಟ್ಟೆ ಮೂರೂ ಒಂದೆಡೆ ಕೂಡಿದ ಜಾಗವನ್ನು ಬಂದರೆನ್ನಲು ಅಡ್ಡಿಯೇನು? ಸಿಂಗಪುರದ ಕಂಪನಿಗಳು, ಟಾಟಾ ಮತ್ತು ರಾಜ್ಯ ಸರ್ಕಾರ ಸೇರಿ 1994ರಲ್ಲಿ ಆರಂಭಿಸಿದ ವೈಟ್‌ಫೀಲ್ಡಿನ ಐಟಿಪಿಎಲ್ ಟೆಕ್ ಪಾರ್ಕ್ ಇದೇ ಜಾಡಿನದು. ಅದಕ್ಕೆ ಸ್ವಂತ ವಿದ್ಯುತ್ ಸ್ಥಾವರವೂ ಇತ್ತು.

ನನ್ನ ವಾದಕ್ಕೆ ಬಲವಾದ ಆಕ್ಷೇಪ ನಗರದ ಕೈಗಾರಿಕಾ ಪ್ರದೇಶವಾದ ಪೀಣ್ಯದಿಂದ ಬರುತ್ತದೆ. ಬೆಂಗಳೂರನ್ನು ಬೆಳೆಸಿದ್ದು ಬಂದರಲ್ಲ, ಕೈಕಸುಬು ಮತ್ತು ವಿದ್ಯೆ ಎನ್ನುವವರು ಎಚ್‌ಎಎಲ್, ಐಟಿಐ, ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್‌ಗಳತ್ತ ಬೊಟ್ಟು ಮಾಡುತ್ತಾರೆ. ಈ ಕಾರ್ಖಾನೆಗಳು 1940 ಮತ್ತು 1950ರ ದಶಕಗಳಲ್ಲೇ ಬಂದವು. ಅವುಗಳಿಗೆ ಬಿಡಿಭಾಗ ಒದಗಿಸುತ್ತ 1970ರ ದಶಕದಿಂದ ಪೀಣ್ಯದ ಸಾವಿರಾರು ಸಣ್ಣ ಶೆಡ್ಡುಗಳು, ಲೇತುಗಳು, ಎರಕದ ಮನೆಗಳು ಬೆಳೆದವು. ಇದು ನಿಜ. ಕೌಶಲವಿಲ್ಲದ ಕಡೆ ಬಂದರು ಕಟ್ಟಿದರೆ ಅಲ್ಲಿಂದ ಕಳಿಸಲು ಏನೂ ಇರುವುದಿಲ್ಲ. ಆದರೆ ಆ ಕೌಶಲ ದಶಕಗಳ ಕಾಲ ದೇಶದೊಳಗಿನ ಕೊಳ್ಳುಗನನ್ನೇ, ಅದರಲ್ಲೂ ಸರ್ಕಾರಿ ಕಾರ್ಖಾನೆಗಳನ್ನೇ ನೆಚ್ಚಿಕೊಂಡಿತ್ತು ಎಂಬುದೂ ಅಷ್ಟೇ ನಿಜ. ಬಂದರಿನ ಬಾಗಿಲು ಎರಡೂ ಕಡೆ ತೆರೆಯುತ್ತದೆ. 1991ರ ನಂತರ ಪೀಣ್ಯದ ಸರಕು ಹೊರಗೆ ಹೋದ ಹಾದಿಯಲ್ಲೇ ಹೊರದೇಶದ ಯಂತ್ರಗಳೂ ಬಿಡಿಭಾಗಗಳೂ ಒಳಗೆ ಬಂದವು. ಪೈಪೋಟಿಗೆ ಹೊಂದಿಕೊಂಡ ಶೆಡ್ಡುಗಳು ಉಳಿದವು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಕೌಶಲ ಏನು ಮಾಡಬಲ್ಲೆವೆಂದು ಹೇಳುತ್ತದೆ. ಯಾವ ವಲಯ ಯಾವಾಗ, ಎಷ್ಟು ವೇಗವಾಗಿ ಬದಲಾಯಿತು ಎಂಬುದಕ್ಕೆ ಬಾಗಿಲಿನ ಚರಿತ್ರೆಯನ್ನೇ ನೋಡಬೇಕು.

ಕಡಲು ಇನ್ನೂ ಚೆನ್ನೈಯಲ್ಲೇ ಇದೆಯಲ್ಲ, ಇದು ಬರೀ ಮಾತಿನ ಅಲಂಕಾರ ಎಂಬುದು ಇನ್ನೊಂದು ಆಕ್ಷೇಪ. ಅವಲಂಬನೆಯನ್ನು ಒಪ್ಪಲೇಬೇಕು. ಉಪಗ್ರಹದ ಕಾಲ ಮುಗಿದು 2002ರಲ್ಲಿ ಚೆನ್ನೈಯಿಂದ ಸಿಂಗಪುರಕ್ಕೆ ಕಡಲಡಿಯ ಕೇಬಲ್ ಬಂದ ಮೇಲಂತೂ, ಕಣ್ಣಿಗೆ ಕಾಣದ ಸಾಫ್ಟ್‌ವೇರ್ ಕೂಡ ಸಮುದ್ರದ ದಾರಿಯನ್ನೇ ಹಿಡಿಯಿತು. ಆದರೂ ಬಂದರಿನ ಸುತ್ತ ಹುಟ್ಟುವ ಉದ್ಯೋಗ, ಜನವಸತಿ, ಭೂಮಿಯ ಬೆಲೆ, ಕೊಳೆ ಇವೆಲ್ಲ ಬಂದದ್ದು ಸರಕು ತಯಾರಾಗಿ ಮುದ್ರೆ ಬೀಳುವ ಕಡೆಗೆ. ವರ್ತೂರು ಕೆರೆಯ ನೊರೆಯೂ ಸಂಜೆಯ ರಸ್ತೆಗಳಲ್ಲಿ ಸಿಕ್ಕಿಬೀಳುವ ವಾಹನಗಳೂ ಚೆನ್ನೈಯ ಪಾಲಿಗೆ ಬರಲಿಲ್ಲ. ಅಲಂಕಾರಕ್ಕೆ ಇಷ್ಟು ಭಾರ ಇರುವುದಿಲ್ಲ.

ಈ ಚರಿತ್ರೆಯಿಂದ ಹೊರಡುವ ತೀರ್ಪು ಸರಳ. ಎಸ್ಬ್ಯರ್ಗ್‌ನಲ್ಲಿ ಬಂದರಿನ ಜೊತೆಗೇ ಊರಿನ ಬೀದಿಗಳ ನಕ್ಷೆಯೂ ತಯಾರಾಗಿತ್ತು. 1882ರ ವೈಟ್‌ಫೀಲ್ಡಿಗೂ ನಕ್ಷೆ ಇತ್ತು, 1990ರ ದಶಕದ ವೈಟ್‌ಫೀಲ್ಡಿಗೆ ಮಾತ್ರ ಇರಲಿಲ್ಲ. ಆ ಪ್ರದೇಶ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ್ದು 2007ರಲ್ಲಿ, ಅಲ್ಲಿಗೆ ಮೆಟ್ರೊ ಬಂದದ್ದು 2023ರಲ್ಲಿ. ಎಲೆಕ್ಟ್ರಾನಿಕ್ ಸಿಟಿಗೆ 2013ರಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಸಿಕ್ಕಿತು. ಆದರೆ ಅದರ ವ್ಯಾಪ್ತಿ ಬಡಾವಣೆಯ ಗಡಿಗೆ ಮುಗಿಯುತ್ತದೆ, ಸುತ್ತಲ ಹಳ್ಳಿಗಳನ್ನು ಮುಟ್ಟುವುದಿಲ್ಲ. 2008ರಿಂದ ದೇವನಹಳ್ಳಿಯಲ್ಲಿ ವಿಮಾನದ ಬಂದರು ನಡೆಯುತ್ತಿದೆ, ನಗರದ ಬೆಳವಣಿಗೆ ಅತ್ತ ವಾಲಿದೆ. ಬಂದರನ್ನು ತೀರ್ಮಾನದಿಂದ ತೆರೆಯುವ ಸರ್ಕಾರ, ಅದರ ಹಿಂದಿನ ಊರನ್ನು ಮಾತ್ರ ತಾನಾಗಿ ಬೆಳೆಯಲು ಬಿಡುವುದು ನ್ಯಾಯವಲ್ಲ. ದೇವನಹಳ್ಳಿಯ ಸುತ್ತ ಕೆರೆ, ರಸ್ತೆ, ವಸತಿಯ ನಕ್ಷೆ ಮೊದಲು ಬರಲಿ, ಕಾರ್ಖಾನೆ ಮತ್ತು ಕಚೇರಿಗಳು ಆಮೇಲೆ ಬರಲಿ.