ಗೃಹವಿಮೆಯಲ್ಲಿ ‘ಮನೆ’ ಎಂಬ ಶಬ್ದ: ಶಿಡ್ಲಘಟ್ಟ ಸೀಮೆಯ ದೃಷ್ಟಿಯಿಂದ ಒಂದು ವಿಚಾರ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ರೇಷ್ಮೆಯ ಕಸುಬು ಇಲ್ಲಿಯ ಅನೇಕ ಮನೆಗಳ ರಚನೆಯನ್ನೇ ನಿರ್ಧರಿಸಿದೆಯೆಂದರೆ ಅತಿಶಯೋಕ್ತಿಯಾಗದು. ಹುಳು ಸಾಕುವ ಒಕ್ಕಲಿನ ಮನೆಯಲ್ಲಿ ಬಿದಿರಿನ ತಟ್ಟೆಗಳು, ಹುಳು ಹಣ್ಣಾದಾಗ ಬೇಕಾಗುವ ಚಂದ್ರಿಕೆಗಳು. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವನ ಮನೆಯಲ್ಲಿ ಒಲೆ, ಚರಕ, ಮಾರುಕಟ್ಟೆಯಿಂದ ತಂದ ಗೂಡಿನ ರಾಶಿ. ಸಂಸಾರವು ಎಲ್ಲಿ ಮುಗಿದು ಕಸುಬು ಎಲ್ಲಿ ಮೊದಲಾಗುತ್ತದೆಂದು ಇಂಥ ಮನೆಯಲ್ಲಿ ಗೆರೆ ಎಳೆಯುವುದು ಸುಲಭವಲ್ಲ. ವಿಮಾಪತ್ರವಾದರೋ ಆ ಗೆರೆಯನ್ನು ಎಳೆದೇ ತೀರುತ್ತದೆ. ಅದು ಎಲ್ಲಿಂದ ಬಂದಿತು, ಅದರಿಂದ ಇಲ್ಲಿಯ ಗೃಹಸ್ಥನಿಗೆ ಆಗುವ ಪರಿಣಾಮವೇನು ಎಂಬುದನ್ನು ನಾವು ಇಲ್ಲಿ ವಿಚಾರಿಸಹೊರಟಿದ್ದೇವೆ.

ಮನೆಗೆ ಬೆಂಕಿ ಬೀಳುವ ಭಯ ಪುರಾತನವಾದುದು. ಕೌಟಿಲ್ಯನ ಅರ್ಥಶಾಸ್ತ್ರದ ನಾಗರಿಕ ಪ್ರಕರಣವು ಗೃಹಸ್ಥರು ನೀರಿನ ಪಾತ್ರೆ, ಏಣಿ, ಕೊಡಲಿ ಮೊದಲಾದುವನ್ನು ಸಿದ್ಧವಾಗಿಟ್ಟುಕೊಳ್ಳಬೇಕೆಂದು ವಿಧಿಸುತ್ತದೆ. ಆದರೆ ಅದು ಎಚ್ಚರಿಕೆಯ ನಿಯಮವೇ ಹೊರತು ನಷ್ಟ ತುಂಬುವ ಒಪ್ಪಂದವಲ್ಲ. ಅಂಥ ಒಪ್ಪಂದವು ವ್ಯಾಪಾರದ ರೂಪ ತಾಳಿದುದು 1666ರ ಲಂಡನ್ ಮಹಾದಹನದ ಅನಂತರದ ದಶಕಗಳಲ್ಲಿ. ಭಾರತದಲ್ಲಿ 1850ರಲ್ಲಿ ಕಲ್ಕತ್ತೆಯ ಟ್ರೈಟನ್ ಕಂಪನಿಯೊಡನೆ ಜೀವೇತರ ವಿಮೆಯು ಮೊದಲಾಯಿತು. ರೇವುಪಟ್ಟಣಗಳ ಕೋಠಿ, ಗೋದಾಮು, ಹಡಗಿನ ಸರಕು ಇವೇ ಅದರ ಮುಖ್ಯ ಕಾಳಜಿಯಾಗಿದ್ದುವು. ಮೈಸೂರು ಸಂಸ್ಥಾನವು 1891ರಲ್ಲಿಯೇ ತನ್ನ ನೌಕರರಿಗಾಗಿ ವಿಮಾ ಯೋಜನೆಯನ್ನು ಆರಂಭಿಸಿದ್ದು ಶ್ಲಾಘ್ಯವಾದರೂ ಅದು ಜೀವವಿಮೆ. ಮನೆ ಮಠಗಳ ಮಾತು ಅದರಲ್ಲಿರಲಿಲ್ಲ. 1973ರ ಜನವರಿ 1ರಿಂದ ಜೀವೇತರ ವಿಮೆಯು ರಾಷ್ಟ್ರೀಕೃತವಾಗಿ, 107 ವಿಮಾ ಸಂಸ್ಥೆಗಳು ನಾಲ್ಕು ಕಂಪನಿಗಳಲ್ಲಿ ಲೀನವಾದುವು. ಅಗ್ನಿವಿಮೆಯ ದರಪಟ್ಟಿಯ ಕಟ್ಟುಪಾಡು 2006ರ ಕೊನೆಯವರೆಗೂ ಉಳಿದಿತ್ತು. ಈ ಪರಂಪರೆಯಲ್ಲಿ ವಾಸದ ಮನೆಯೊಂದು ವರ್ಗ, ಕಾರ್ಖಾನೆಯೊಂದು ವರ್ಗ, ಗೋದಾಮೊಂದು ವರ್ಗ. ಕೋಠಿಯೇ ಬೇರೆ ಬಂಗಲೆಯೇ ಬೇರೆ ಎಂಬ ಪಟ್ಟಣದಲ್ಲಿ ಹುಟ್ಟಿದ ವಿಂಗಡಣೆಯಿದು.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲ ಕಂಪನಿಗಳಿಗೂ ಸಮಾನವಾದ ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿಯನ್ನು ಜಾರಿಗೆ ತಂದಿತು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ, ದೊಂಬಿ ಮೊದಲಾದುವು ಇದರ ವ್ಯಾಪ್ತಿಗೆ ಬರುತ್ತವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇಕಡ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಒಳಗಿನ ಸಾಮಾನಿಗೂ ತಾನಾಗಿಯೇ ರಕ್ಷಣೆ ದೊರೆಯುತ್ತದೆ. ಸಾಮಾನು ಎಂದರೆ ಗೃಹಬಳಕೆಯ ಸಾಮಾನು: ಮಂಚ, ಬೀರು, ಬಟ್ಟೆ, ದೂರದರ್ಶನ ಯಂತ್ರ ಇತ್ಯಾದಿ. ಒಡವೆಗೆ ಬೇರೆಯಾಗಿ ಮೌಲ್ಯ ನಿಶ್ಚಯಿಸಿ ಸೇರಿಸಬೇಕು. ಕಳವಿನ ವಿಷಯದಲ್ಲಿ ಜನರಲ್ಲಿ ತಪ್ಪು ತಿಳಿವಳಿಕೆ ಹೆಚ್ಚು: ಬೆಂಕಿ ನೆರೆಗಳಂಥ ಅವಘಡ ನಡೆದ 7 ದಿನಗಳೊಳಗೆ ಅದನ್ನು ಅನುಸರಿಸಿ ಆದ ಕಳವಿಗೆ ಮಾತ್ರ ಇದರಲ್ಲಿ ಪರಿಹಾರವುಂಟು, ಬರಿಯ ಕನ್ನಗಳವಿಗೆ ಬೇರೆ ವಿಮೆ ಬೇಕು.

ಹಾಗಾದರೆ ಗೂಡು, ನೂಲು, ಚರಕಗಳ ಗತಿಯೇನು? ಅವು ಗೃಹಬಳಕೆಯ ಸಾಮಾನಲ್ಲ. ಅವುಗಳಿಗಾಗಿ ಅದೇ ದಿನ ಜಾರಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಮತ್ತೊಂದು ಪಾಲಿಸಿಯಿದೆ. ಎರಡರ ನಡುವೆ ಒಂದು ವ್ಯತ್ಯಾಸ ಮುಖ್ಯವಾದುದು. ಗೃಹವಿಮೆಯಲ್ಲಿ ಮೊತ್ತ ಕಡಮೆಯಾಯಿತೆಂದು ಪರಿಹಾರವನ್ನು ಅನುಪಾತದಿಂದ ತಗ್ಗಿಸುವಂತಿಲ್ಲ. ಉದ್ಯಮದ ಪಾಲಿಸಿಯಲ್ಲಿಯಾದರೆ ಶೇಕಡ 15ರವರೆಗಿನ ಕೊರತೆಯನ್ನಷ್ಟೇ ಮನ್ನಿಸಲಾಗುತ್ತದೆ. 10 ಲಕ್ಷದ ಸರಕಿಗೆ 5 ಲಕ್ಷದ ವಿಮೆ ಮಾಡಿಸಿದವನು 2 ಲಕ್ಷ ಕಳೆದುಕೊಂಡರೆ ಅವನ ಕೈಗೆ ಬರುವುದು ಸುಮಾರು ಅರ್ಧ ಮಾತ್ರ. ಗೂಡಿನ ಬೆಲೆ ವಾರದಿಂದ ವಾರಕ್ಕೆ ಏರಿಳಿಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಒಂದೇ ಸೂರಿನ ಕೆಳಗೆ ಒಂದೇ ಕಿಡಿಯಿಂದ ಸುಟ್ಟ ವಸ್ತುಗಳಿಗೆ ಎರಡು ಪತ್ರ, ಎರಡು ನ್ಯಾಯ! ಕಸುಬನ್ನು ಹೇಳದೆ ವಾಸದ ಮನೆಯೆಂದಷ್ಟೇ ಬರೆಸಿದವನಿಗೆ ಕಟ್ಟಡದ ಪರಿಹಾರಕ್ಕೂ ಆಕ್ಷೇಪಣೆ ಬರಬಹುದು.

ಮೌಲ್ಯನಿರ್ಣಯದಲ್ಲಿ ಇನ್ನೊಂದು ತೊಡಕುಂಟು. ದೇವನಹಳ್ಳಿಯ ವಿಮಾನ ನಿಲ್ದಾಣವು 2008ರಲ್ಲಿ ತೆರೆದ ಮೇಲೆ ಚಿಕ್ಕಬಳ್ಳಾಪುರದ ಕಡೆಯ ನಿವೇಶನಗಳ ಬೆಲೆ ಬಹಳವಾಗಿ ಏರಿತು. ಆದರೆ ನೆಲ ಸುಡುವುದಿಲ್ಲ. ವಿಮಾ ಮೊತ್ತವು ಕಟ್ಟಡವನ್ನು ಮರಳಿ ಕಟ್ಟುವ ವೆಚ್ಚವೇ ಹೊರತು ಕ್ರಯಪತ್ರದ ಬೆಲೆಯಲ್ಲ.

ಇವೆಲ್ಲ ದೂರದ ಊಹೆಗಳೆಂದು ಭಾವಿಸಬಾರದು. ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪನ ಮಾಪನ ಕೇಂದ್ರವಿದ್ದರೂ ಅದು ಕಿವಿಗೊಟ್ಟಿದ್ದುದು ಮುಖ್ಯವಾಗಿ ದೂರದೇಶಗಳ ಅಣುಸ್ಫೋಟಗಳಿಗೆ. ಈ ಸೀಮೆಯವರಾರೂ ಭೂಕಂಪವನ್ನು ತಮ್ಮ ಕಷ್ಟವೆಂದು ಎಣಿಸಿರಲಿಲ್ಲ. 2021ರ ನವೆಂಬರ್ ತಿಂಗಳ ಅಕಾಲಿಕ ಮಳೆಗೆ ಈ ಜಿಲ್ಲೆಯಲ್ಲಿ ಅನೇಕ ಮಣ್ಣಿನ ಮನೆಗಳು ಕುಸಿದುವು. ಡಿಸೆಂಬರ್ 22ರ ಬೆಳಗ್ಗೆ ಸುಮಾರು 3ರ ಪ್ರಮಾಣದ ಎರಡು ಲಘು ಕಂಪನಗಳು ಒಂದರ ಹಿಂದೊಂದು ಬಂದು ಜನ ಮನೆಬಿಟ್ಟು ಹೊರಗೋಡಿದರು.

ಅಂಥ ಸಮಯದಲ್ಲಿ ಜನರು ನಿರೀಕ್ಷಿಸುವುದು ಸರ್ಕಾರದ ಪರಿಹಾರವನ್ನು. ಅದು ಉಪಕಾರಿಯೇ. ಆದರೆ ಅದರ ಪ್ರಮಾಣವನ್ನು ನೋಡಬೇಕು. 2015ರಿಂದ 2020ರವರೆಗಿನ ಕೇಂದ್ರದ ಮಾನದಂಡದಂತೆ, ಬಯಲುಸೀಮೆಯಲ್ಲಿ ಪೂರ್ತಿ ನಾಶವಾದ ಪಕ್ಕಾ ಮನೆಗೆ 95,100 ರೂಪಾಯಿ. ಕರ್ನಾಟಕ ಸರ್ಕಾರವು 2019ರಲ್ಲಿ ತನ್ನ ಪಾಲನ್ನು ಸೇರಿಸಿ ಅದನ್ನು 5 ಲಕ್ಷಕ್ಕೆ ಏರಿಸಿತು. ಮನೆಯೊಳಗಿನ ವಸ್ತುಗಳ ವಿಷಯದಲ್ಲಿ ಕೇಂದ್ರದ ಅದೇ ಮಾನದಂಡವು ಕುಟುಂಬವೊಂದಕ್ಕೆ ಬಟ್ಟೆಗೆಂದು 1,800, ಪಾತ್ರೆ ಪಡಗಗಳಿಗೆಂದು 2,000 ರೂಪಾಯಿ ನಿಗದಿ ಮಾಡಿತ್ತು. ಚರಕಕ್ಕೂ ಗೂಡಿಗೂ ಆ ಬಾಬಿನಲ್ಲಿ ಸ್ಥಾನವಿರಲಿಲ್ಲ.